ಟೇಲರಿನ ತಳಕ್ಕೆ ತಗಡೇ ಯಾಕೆ? ಹಲಗೆ ಪರವಾಗಿ ಒಂದಿಷ್ಟು ಮಾತು

ಗುಂಡ್ಲುಪೇಟೆಯಲ್ಲಾಗಲಿ ಚಾಮರಾಜನಗರದಲ್ಲಾಗಲಿ ಯಾವುದಾದರೂ ವೆಲ್ಡಿಂಗ್ ಶಾಪಿಗೆ ಹೋಗಿ ‘ಟಿಲ್ಲರಿಗೆ ಒಂದು ಟೇಲರ್ ಮಾಡ್ಕೊಡಿ’ ಅನ್ನಿ. ಉದ್ದ ಎಷ್ಟು, ಅಗಲ ಎಷ್ಟು, ಟೈರು ಹೊಸದಾ ಹಳೇದಾ, ಬಣ್ಣ ಯಾವುದು ಅಂತೆಲ್ಲ ಕೇಳುತ್ತಾರೆ. ಹಿಂದುಗಡೆ ಮನೆದೇವರ ಹೆಸರು ಬರೆಸಬೇಕಾ, ಮಗಳ ಹೆಸರಾ ಅಂತಲೂ ಕೇಳುತ್ತಾರೆ. ತಳಕ್ಕೆ ಏನು ಹಾಕಬೇಕು ಅಂತ ಮಾತ್ರ ಕೇಳುವುದಿಲ್ಲ. ಅದು ಆಗಲೇ ತೀರ್ಮಾನವಾಗಿ ಹೋಗಿದೆ. ತಗಡು.

‘ಮರ ಹಾಕ್ಸುದ್ರೆ ಎರಡೊರ್ಸಕ್ಕೆ ಕೊಳ್ತೋಯ್ತದೆ ಕಣಣ್ಣ, ತಗಡು ಅಂದ್ರೆ ಹತ್ತೊರ್ಸ ತಿರುಗಿ ನೋಡಂಗಿಲ್ಲ.’ ಈ ಮಾತನ್ನು ನಾನು ಬೇರೆ ಬೇರೆ ಶಾಪುಗಳಲ್ಲಿ ಹೆಚ್ಚುಕಮ್ಮಿ ಇದೇ ಪದಗಳಲ್ಲಿ ಕೇಳಿದ್ದೇನೆ. ಹೇಳುವವರು ಸುಳ್ಳರಲ್ಲ, ಅವರ ಕಸುಬೇ ಕಬ್ಬಿಣ. ಹಿಂದೆ ಗಾಡಿ ಮಾಡುತ್ತಿದ್ದವರು ಆಚಾರಿಗಳು. ಮೂಕಿ, ನೊಗ, ಗಾಲಿ, ತಳದ ಹಲಗೆ ಎಲ್ಲ ಅವರ ಕೈಯಲ್ಲೇ ಆಗಬೇಕಿತ್ತು. ಟೈರುಗಾಡಿ ಬಂದಾಗ ಗಾಲಿ ಹೋಯಿತು, ಆದರೂ ಹಲಗೆ ಉಳಿಯಿತು. ಟಿಲ್ಲರು, ಸಣ್ಣ ಟ್ರ್ಯಾಕ್ಟರು ಬಂದ ಮೇಲೆ ಕೆಲಸವೆಲ್ಲ ವೆಲ್ಡಿಂಗ್ ಶಾಪಿಗೆ ಹೋಯಿತು, ಆಚಾರಿಗಳು ಬಾಗಿಲು ಕಿಟಕಿಗೆ ನಿಂತರು. ಇವತ್ತು ನಮ್ಮ ಟೇಲರುಗಳ ತಳದಲ್ಲಿ ತಗಡು ಇರುವುದಕ್ಕೆ ದೊಡ್ಡ ಕಾರಣ ಇದೇ. ಮಾಡುವವರ ಕೈಯಲ್ಲಿ ಯಾವ ಮಿಷನ್ ಇದೆ ಅನ್ನುವುದರ ಮೇಲೆ ತೀರ್ಮಾನವಾಗಿದೆಯೇ ಹೊರತು ನಾವು ಏನು ಹೇರುತ್ತೇವೆ ಅನ್ನುವುದರ ಮೇಲಲ್ಲ.

ನನ್ನ ಮಾತು ಇಷ್ಟು. ತರಕಾರಿ, ಬಾಳೆ, ಸಣ್ಣ ಈರುಳ್ಳಿ, ಅರಿಶಿನ ಬೆಳೆಯುವ, ಎರಡು ಮೂರು ಎಕರೆಯ ರೈತನ ಟೇಲರಿಗೆ ಒಳ್ಳೆ ಜಾತಿ ಮರದ ಹಲಗೆಯೇ ಸರಿ. ಕಲ್ಲು, ಜಲ್ಲಿ, ಮರಳು, ಗೊಬ್ಬರ ಹೊಡೆಯುವುದೇ ಮುಖ್ಯ ಕೆಲಸವಾದವರಿಗೆ ತಗಡು ಸರಿ. ನಮ್ಮ ಕಡೆ ಮೊದಲನೆಯವರು ಜಾಸ್ತಿ. ಆದರೂ ಎಲ್ಲರ ಟೇಲರೂ ಕಲ್ಲು ಹೊಡೆಯುವ ಟೇಲರಿನ ಹಾಗೇ ಇದೆ.

ಮೊದಲು ತೂಕದ ವಿಷಯ. ‘ಮರ ಭಾರ, ತಗಡು ಹಗುರ’ ಅಂತ ಒಂದು ನಂಬಿಕೆ ಇದೆ. ಲೆಕ್ಕ ಹಾಕಿ ನೋಡೋಣ. ಕಬ್ಬಿಣದ ತಗಡು ಒಂದು ಎಂಎಂ ದಪ್ಪಕ್ಕೆ ಚದರ ಅಡಿಗೆ ಸುಮಾರು 730 ಗ್ರಾಂ ತೂಗುತ್ತದೆ. ಟಿಲ್ಲರಿನ ಟೇಲರು 8 ಅಡಿ ಉದ್ದ 5 ಅಡಿ ಅಗಲ ಅಂದುಕೊಂಡರೆ 40 ಚದರ ಅಡಿ. 3 ಎಂಎಂ ತಗಡಾದರೆ 88 ಕೆಜಿ ಹತ್ತಿರ, 5 ಎಂಎಂ ಆದರೆ 146 ಕೆಜಿ. ಅದೇ ಜಾಗಕ್ಕೆ ಒಂದೂವರೆ ಇಂಚು ದಪ್ಪದ ಹಲಗೆಗೆ 5 ಘನ ಅಡಿ ಮರ ಬೇಕು. ಚೆನ್ನಾಗಿ ಒಣಗಿದ ಸಿಲ್ವರ್ ಓಕ್ ಆದರೆ 85 ಕೆಜಿ ಆಸುಪಾಸು, ಜಾಲಿ ಆದರೆ 110 ಕೆಜಿ ದಾಟಬಹುದು. ಅಂದರೆ ತೂಕದಲ್ಲಿ ಇಬ್ಬರೂ ಅಣ್ಣತಮ್ಮಂದಿರೇ. ಗಟ್ಟಿ ಇರಲಿ ಅಂತ 3 ಎಂಎಂ ಬಿಟ್ಟು 5 ಎಂಎಂ ಹಾಕಿಸಿದವರು ಮಾತ್ರ ಜೀವನಪೂರ್ತಿ ಒಂದು ಮೂಟೆಯಷ್ಟು ಕಬ್ಬಿಣವನ್ನು ಬಾಡಿಗೆ ಇಲ್ಲದೆ ಹೊರುತ್ತಾರೆ. ಪವರ್ ಟಿಲ್ಲರ್ ಟೇಲರ್ ಸಮೇತ ಎಳೆಯಬಹುದಾದ್ದು ಒಂದೂವರೆ ಟನ್, ವೇಗ ಗಂಟೆಗೆ 22 ಕಿಲೋಮೀಟರ್ ಮೀರಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಆ ಒಂದೂವರೆ ಟನ್ನಿನಲ್ಲಿ ಒಂದು ಮೂಟೆ ಅಂದರೆ ಸಣ್ಣ ಮಾತಲ್ಲ.

ಈ 730 ಗ್ರಾಂ ಲೆಕ್ಕ ಬಾಯಿಪಾಠ ಮಾಡಿಕೊಂಡರೆ ಇನ್ನೊಂದು ಉಪಯೋಗವಿದೆ. 8ಕ್ಕೆ 4 ಅಡಿಯ ಒಂದು ಶೀಟು 3 ಎಂಎಂ ಇದ್ದರೆ 70 ಕೆಜಿ ತೂಗಬೇಕು. 2.5 ಎಂಎಂ ಇದ್ದರೆ 58, 2 ಎಂಎಂ ಇದ್ದರೆ 47. ಕಬ್ಬಿಣದ ಅಂಗಡಿಯಲ್ಲಿ ತೂಕ ಹಾಕಿಯೇ ಕೊಡುತ್ತಾರಲ್ಲ, ಚೀಟಿ ನೋಡಿದರೆ ನಿಮಗೆ ಕೊಟ್ಟದ್ದು ಯಾವ ದಪ್ಪ ಅಂತ ಅಲ್ಲೇ ಗೊತ್ತಾಗುತ್ತದೆ. ಗೇಜಿನ ಲೆಕ್ಕದಲ್ಲಿ ಮಾತಾಡುವವರ ಹತ್ತಿರ ಹುಷಾರಾಗಿರಿ. ಗೇಜು ಜಾಸ್ತಿ ಆದಷ್ಟೂ ತಗಡು ತೆಳ್ಳಗಾಗುತ್ತದೆ. ‘ಹತ್ತಲ್ಲ, ಹದಿನಾಲ್ಕು ಗೇಜು ಹಾಕಿದ್ದೀನಿ’ ಅಂದರೆ ಖುಷಿಪಡುವ ಹಾಗಿಲ್ಲ. ಹತ್ತು ಅಂದರೆ 3 ಎಂಎಂ ಮೇಲೆ, ಹದಿನಾಲ್ಕು ಅಂದರೆ ಬರೀ 2 ಎಂಎಂ.

ಈಗ ಗಟ್ಟಿತನ. ಇಲ್ಲೇ ನಮ್ಮ ಕಣ್ಣು ನಮಗೆ ಮೋಸ ಮಾಡುವುದು. ಕಬ್ಬಿಣ ಮರಕ್ಕಿಂತ ಇಪ್ಪತ್ತು ಪಟ್ಟು ಬಿಗಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಸ್ತು ಬಾಗದೆ ನಿಲ್ಲುವುದು ಅದರ ದಪ್ಪದ ಮೇಲೆ ಹೋಗುತ್ತದೆ, ಅದೂ ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ. ಒಂದೂವರೆ ಇಂಚಿನ ಹಲಗೆ 38 ಎಂಎಂ. ಅದು 3 ಎಂಎಂ ತಗಡಿಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು ದಪ್ಪ. ಹನ್ನೆರಡೂ ಮುಕ್ಕಾಲನ್ನು ಮೂರು ಸಲ ಗುಣಿಸಿದರೆ ಎರಡು ಸಾವಿರ ಬರುತ್ತದೆ. ಕಬ್ಬಿಣದ ಇಪ್ಪತ್ತರಿಂದ ಭಾಗಿಸಿ, ನೂರು. ಎರಡು ಅಡ್ಡಪಟ್ಟಿಗಳ ನಡುವೆ ಹಲಗೆ ತಗಡಿಗಿಂತ ನೂರು ಪಟ್ಟು ಕಡಿಮೆ ಬಾಗುತ್ತದೆ, ಅದೂ ಹೆಚ್ಚುಕಮ್ಮಿ ಅದೇ ತೂಕದಲ್ಲಿ.

ಇದು ಬರೀ ಪುಸ್ತಕದ ಲೆಕ್ಕ ಅನ್ನುವವರು ಐದಾರು ವರ್ಷದ ಯಾವುದಾದರೂ ಟೇಲರಿನ ತಳ ನೋಡಿ. ಅಡ್ಡಪಟ್ಟಿ ಇರುವ ಕಡೆ ದಿಬ್ಬ, ನಡುವೆ ಗುಂಡಿ. ಮಳೆ ಬಂದರೆ ಆ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ನಿಂತ ನೀರಿನ ಮೇಲೆ ಗೊಬ್ಬರದ ಪುಡಿ, ಕೊಳೆತ ಟೊಮೆಟೊ ರಸ. ತೂತು ಬೀಳುವುದು ಅಲ್ಲೇ. ಬಣ್ಣ ಮೇಲಿಂದ ಚೆನ್ನಾಗಿರುವಾಗಲೂ ಕೆಳಗೆ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ತಗಡನ್ನು ಅಡ್ಡಪಟ್ಟಿಗೆ ಅಲ್ಲಲ್ಲಿ ಚುಕ್ಕೆ ಹೊಡೆದು ಕೂರಿಸಿರುತ್ತಾರೆ, ಪೂರ್ತಿ ಅಲ್ಲ. ಆ ಸಂದಿಗೆ ನೀರು ಇಳಿಯುತ್ತದೆ, ಅಲ್ಲಿಗೆ ರೆಡ್ ಆಕ್ಸೈಡ್ ಹೋಗಿರುವುದಿಲ್ಲ, ಹೋಗಿದ್ದರೂ ವೆಲ್ಡಿಂಗ್ ಬಿಸಿಗೆ ಸುಟ್ಟಿರುತ್ತದೆ. ನಾವು ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿ ಅರ್ಧಕ್ಕರ್ಧ ಹತ್ತಿರ ಕ್ಲೋರೈಡೇ. ಅಡುಗೆ ಉಪ್ಪಿನಲ್ಲಿ ಕಬ್ಬಿಣ ತಿನ್ನುವುದು ಯಾವುದೋ ಇದೂ ಅದೇ. ಹರಿದ ಚೀಲದಿಂದ ಒಂದು ಹಿಡಿ ಚೆಲ್ಲಿದರೂ ಸಾಕು. ಕೋಳಿ ಗೊಬ್ಬರದ ಕಥೆ ಹೇಳುವುದೇ ಬೇಡ.

ಹತ್ತು ವರ್ಷ ತಿರುಗಿ ನೋಡುವ ಹಾಗಿಲ್ಲ ಅಂದರಲ್ಲ, ತೊಂದರೆ ಇರುವುದು ಆ ತಿರುಗಿ ನೋಡದೆ ಇರುವುದರಲ್ಲೇ. ಹಲಗೆ ಕೊಳೆತರೆ ಕಾಣುತ್ತದೆ, ಕಾಲಿಟ್ಟರೆ ಮೆತ್ತಗೆ ಅನ್ನಿಸುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ ಬರುತ್ತದೆ. ತಗಡು ಹಾಗಲ್ಲ, ಕೊನೇ ದಿನದವರೆಗೂ ನೀಲಿ ಬಣ್ಣ ಹೊಡೆದುಕೊಂಡು ಸುಮ್ಮನಿರುತ್ತದೆ. ಆಮೇಲೆ ಒಂದು ದಿನ ಮೂಟೆ ಹೊತ್ತವರ ಕಾಲು ಒಳಗೆ ಹೋಗುತ್ತದೆ, ತುಕ್ಕು ಹಿಡಿದ ತಗಡಿನ ಅಂಚು ಕುಡುಗೋಲಿನ ಹಾಗೆ ಇರುತ್ತದೆ. ನಿಮ್ಮ ಹತ್ತಿರ ಹಳೇ ತಗಡಿನ ಟೇಲರ್ ಇದ್ದರೆ ಈ ಭಾನುವಾರ ಅದರ ಕೆಳಗೆ ತೂರಿ ಸುತ್ತಿಗೆಯಲ್ಲಿ ಮೆತ್ತಗೆ ತಟ್ಟಿಕೊಂಡು ಬನ್ನಿ. ಠಣ್ ಅಂದರೆ ಸರಿ. ಸದ್ದು ಮೊಂಡಾಗಿ, ಸಿಪ್ಪೆ ಉದುರಿದರೆ ಅಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಮೂಟೆ ಹೊರುವವರು ಅಂದೆ. ಟೇಲರ್ ಮಾಡಿಸುವಾಗ ಅವರನ್ನು ಯಾರೂ ಕೇಳುವುದಿಲ್ಲ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಹನ್ನೊಂದು ಗಂಟೆಗೆ ಹೊಲದ ಬದಿ ನಿಂತ ಟೇಲರಿನ ಮೇಲೆ ಬರಿಗಾಲಲ್ಲಿ ನಿಂತು ಗೊನೆ ಜೋಡಿಸುವುದು ಹೇಗಿರುತ್ತದೆ ಅಂತ ಟೊಮೆಟೊ ಬಿಡಿಸುವ, ಬಾಳೆ ಹೊರುವ ಹೆಣ್ಣಾಳುಗಳನ್ನು ಕೇಳಿ. ‘ಹೆಂಚಿನ ಮ್ಯಾಲೆ ರೊಟ್ಟಿ ಬೆಂದಂಗೆ ಬೇಯ್ತವೆ ಕಣಪ್ಪಾ ಕಾಲು, ಗೋಣಿ ಹಾಸ್ಕೊಂಡು ನಿಂತ್ಕತೀವಿ’ ಅಂದರು ಒಬ್ಬ ಅಕ್ಕ. ಮಳೆಗಾಲದಲ್ಲಿ ಅದೇ ತಗಡು, ಕೆಸರು ಕಾಲು, ಜಾರುತ್ತದೆ. ಜಾರದಿರಲಿ ಅಂತಲೇ ಚೆಕ್ಕರ್ ಪ್ಲೇಟ್ ಬಂದದ್ದು. ಅದು ಕಾಲಿಗೆ ಒಳ್ಳೆಯದು, ಬಾಳೆಗೊನೆಗೆ ಕೆಟ್ಟದ್ದು. ಉಬ್ಬು ಗೆರೆಗಳ ಮೇಲೆ ಗೊನೆ ಉಜ್ಜುತ್ತದೆ, ಉಬ್ಬುಗಳ ನಡುವೆ ಕೊಳೆ ಕೂರುತ್ತದೆ, ಗುಡಿಸಿದರೆ ಬರುವುದಿಲ್ಲ. ಶಾಪಿನವರು ‘ಲುಕ್ ಬರ್ತದೆ’ ಅನ್ನುತ್ತಾರೆ. ಮಾರ್ಕೆಟ್ಟಿನಲ್ಲಿ ವ್ಯಾಪಾರಿ ಲುಕ್ ನೋಡುವುದು ಬಾಳೆಕಾಯಿದು, ಟೇಲರಿದಲ್ಲ.

ಬಾಳೆ ವಿಷಯ ಸ್ವಲ್ಪ ನಿಂತು ಹೇಳಬೇಕು. ನಮ್ಮ ತಾಲ್ಲೂಕಿನ ನೇಂದ್ರ ಬಾಳೆ ಹೋಗುವುದು ಕೇರಳಕ್ಕೆ. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ, ಜಿಲ್ಲಾಧಿಕಾರಿಗಳು 2009ರಲ್ಲಿ ತಂದ ಆದೇಶ, 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. (ಅದು ಸರಿಯೋ ತಪ್ಪೋ ಅನ್ನುವುದು ಬೇರೆ ಜಗಳ. ನನ್ನ ಪ್ರಕಾರ ಸರಿ.) ಹಾಗಾಗಿ ಸಾಯಂಕಾಲ ಲಾರಿ ತುಂಬುವ ಹೊತ್ತಿಗೆ ಎಲ್ಲರಿಗೂ ಅವಸರ. ಹೊಲದಿಂದ ಮೇನ್ ರೋಡಿನವರೆಗೆ ಮೂರ್ನಾಲ್ಕು ಕಿಲೋಮೀಟರ್ ಬಂಡಿದಾರಿಯಲ್ಲಿ ಟೇಲರ್ ಕುಣಿದುಕೊಂಡು ಬರುತ್ತದೆ. ಆಗ ತಳದ ಸಾಲಿನ ಗೊನೆಗಳಿಗೆ ಬೀಳುವ ಪೆಟ್ಟು ಅಲ್ಲಿ ಕಾಣುವುದಿಲ್ಲ. ಒಂದೆರಡು ದಿನ ಬಿಟ್ಟು, ಘಟ್ಟದ ಆಚೆ, ಸಿಪ್ಪೆ ಕಪ್ಪಗಾದಾಗ ಕಾಣುತ್ತದೆ. ಮುಂದಿನ ಸಲ ವ್ಯಾಪಾರಿ ‘ನಿಮ್ಮ ಮಾಲು ಡ್ಯಾಮೇಜು’ ಅಂತ ಕೆಜಿಗೆ ಇಷ್ಟು ಅಂತ ಮುರಿದುಕೊಳ್ಳುತ್ತಾನೆ, ನಮಗೆ ಯಾಕೆ ಅಂತ ಗೊತ್ತೇ ಆಗುವುದಿಲ್ಲ. ತಗಡಿನ ಮೇಲೆ ಹುಲ್ಲು, ಬಾಳೆಸೋಗೆ ಹಾಸುತ್ತೇವೆ, ಸರಿ. ಆದರೆ ಹಾಸಿದ ಹುಲ್ಲನ್ನು ಇಳಿಸುವವರು ಯಾರು? ಅದು ಅಲ್ಲೇ ಒದ್ದೆಯಾಗಿ ಕೂತು ತುಕ್ಕಿಗೆ ಹಾಸಿಗೆಯಾಗುತ್ತದೆ. ಹಲಗೆಯ ಮೇಲೂ ಹುಲ್ಲು ಬೇಕು. ಆದರೆ ಹಲಗೆಗಳ ನಡುವೆ ಕಾಲಿಂಚು ಸಂದಿ ಬಿಟ್ಟಿದ್ದರೆ ನೀರು ಕೆಳಗೆ ಇಳಿಯುತ್ತದೆ, ಗಾಳಿ ಆಡುತ್ತದೆ.

ಹಾಗಾದರೆ ಯಾವ ಮರ?

ಕಾಡಿನ ಮರದ ಮಾತೇ ಬೇಡ. ಹೊನ್ನೆ, ಮತ್ತಿ ಗಾಡಿಗೆ ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ, ನಿಜ. ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು. ಅಲ್ಲಿಂದ ಬಂದ ಒಂದು ಹಲಗೆಗೆ ಟೇಲರ್ ಜೊತೆ ಟಿಲ್ಲರೂ ಹೋಗಬಹುದು. ನಮ್ಮದೇ ಹೊಲದ ಮರ ಕಡಿಯುವುದಕ್ಕೂ ಎಲ್ಲ ಜಾತಿಗೂ ಮುಕ್ತ ಅನುಮತಿ ಇಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಸರ್ವೆ, ತೆಂಗು, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದದ್ದಕ್ಕೆ ಕೊಡಲಿ ಎತ್ತುವ ಮುಂಚೆ ರೇಂಜ್ ಆಫೀಸಿನಲ್ಲಿ ಕೇಳಿಕೊಳ್ಳಿ.

ನನ್ನ ಮೊದಲ ಆಯ್ಕೆ ಹೊಸ ಮರವೇ ಅಲ್ಲ. ನಮ್ಮ ಊರುಗಳಲ್ಲಿ ಈಗ ವರ್ಷಕ್ಕೆ ನಾಲ್ಕಾದರೂ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟುತ್ತಾರೆ. ಅದರ ತೊಲೆ, ಜಂತೆ ನಲವತ್ತು ಐವತ್ತು ವರ್ಷ ನೆರಳಲ್ಲಿ ಒಣಗಿದ ಮರ. ಅದು ಇನ್ನು ಸೊಟ್ಟ ಆಗುವುದಿಲ್ಲ, ಬಿರಿಯುವುದಿಲ್ಲ. ಎಷ್ಟೋ ಕಡೆ ಅದನ್ನು ಸೌದೆಗೆ ಹಾಕುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಗೆದ್ದಲು ಹಿಡಿದದ್ದನ್ನು ಬಿಟ್ಟು, ಮೊಳೆ ಎಲ್ಲ ಕಿತ್ತು, ಸಾಮಿಲ್ಲಿನಲ್ಲಿ ಒಂದೂವರೆ ಇಂಚಿಗೆ ಕೊಯ್ಸಿ. ಮೊಳೆ ಉಳಿದರೆ ಸಾಮಿಲ್ಲಿನವರ ಬ್ಲೇಡು ಹೋಗುತ್ತದೆ, ಆಮೇಲೆ ನಿಮ್ಮ ಸ್ನೇಹವೂ ಹೋಗುತ್ತದೆ. ಮರ ಎಲ್ಲಿಂದ ಬಂತು ಅನ್ನುವುದಕ್ಕೆ ಮನೆಯವರಿಂದ ಒಂದು ಚೀಟಿ ಬರೆಸಿಟ್ಟುಕೊಳ್ಳುವುದು ಒಳ್ಳೆಯದು.

ಅದು ಸಿಗದಿದ್ದರೆ ಜಾಲಿ. ಗಾಡಿ ಕೆಲಸಕ್ಕೆ ಹಳಬರು ನಂಬಿದ ಮರ, ಪೆಟ್ಟು ತಿನ್ನುತ್ತದೆ. ಒಳಗಿನ ಕೆಂಪು ಚೇಗು ಮಾತ್ರ ತಗೊಳ್ಳಿ, ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ. ನೀಲಗಿರಿ ಬೇಗ ಬಿರಿಯುತ್ತದೆ, ತಿರುಚಿಕೊಳ್ಳುತ್ತದೆ, ನನಗೆ ಇಷ್ಟವಿಲ್ಲ. ಮಾವು ಬೇಡ. ಸಿಲ್ವರ್ ಓಕ್ ಅಗ್ಗ, ನೆಟ್ಟಗೆ ಸಿಗುತ್ತದೆ, ಆದರೆ ಮಳೆಗೆ ಬಿಟ್ಟರೆ ಬಾಳಿಕೆ ಕಡಿಮೆ. ಟೇಲರಿಗೆ ಮಾಡು ಇದ್ದವರು ಮಾತ್ರ ಹಾಕಿಸಲಿ.

ಪ್ಲೈವುಡ್ ಬಗ್ಗೆ ಕೇಳುವವರಿದ್ದಾರೆ. ಮೌಲ್ಡಿಂಗ್ ಹಾಕುವವರ ಹತ್ತಿರ ಹಳೇ ಶಟರಿಂಗ್ ಪ್ಲೈ ಸಿಗುತ್ತದೆ. ಹಗುರ, ಒಂದೇ ದಿನದ ಕೆಲಸ. ಆದರೆ ಅದರ ಜೀವ ಇರುವುದು ಅಂಚಿನಲ್ಲಿ. ಕೊಯ್ದ ಅಂಚಿಗೆ, ಬೋಲ್ಟ್ ತೂತಿಗೆ ಬಣ್ಣ ತುಂಬದಿದ್ದರೆ ನೀರು ಕುಡಿದು ಪುಸ್ತಕದ ಹಾಳೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಶೀಟು ಕಬ್ಬಿಣದ ಮೂರನೇ ಒಂದು ಪಾಲು ತೂಕ, ಆದರೆ ನಮ್ಮೂರ ವೆಲ್ಡಿಂಗಿನವರು ಅದನ್ನು ಬೆಸೆಯುವುದಿಲ್ಲ. ಕಬ್ಬಿಣದ ಬೋಲ್ಟು ಹಾಕಿ ಒದ್ದೆ ಬಿಟ್ಟರೆ ಬೋಲ್ಟಿನ ಸುತ್ತ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಸಣ್ಣ ರೈತನಿಗೆ ಅದು ಬೇಡದ ಖರ್ಚು.

ಹಲಗೆ ಹಾಕಿಸುವವರು ವೆಲ್ಡಿಂಗ್ ಶಾಪಿನಲ್ಲಿ ಒಂದು ಮಾತು ಮರೆಯದೆ ಹೇಳಬೇಕು. ಸುತ್ತ ಬೆಸೆದ ತಗಡು ತಳ ಮಾತ್ರ ಆಗಿರುವುದಿಲ್ಲ, ಇಡೀ ಫ್ರೇಮನ್ನು ಮೂಲೆ ಮುರಿಯದಂತೆ ಹಿಡಿದಿರುತ್ತದೆ. ತಗಡಿನ ಟೇಲರಿನ ಪರವಾಗಿ ಇರುವ ದೊಡ್ಡ ವಾದ ಇದೇ, ಒಪ್ಪಬೇಕು. ಹಲಗೆ ಹಾಕಿದರೆ ಆ ಕೆಲಸ ಮಾಡುವವರು ಇರುವುದಿಲ್ಲ. ಅದಕ್ಕೆ ಚಾಸಿಯ ಕೆಳಗೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಆ್ಯಂಗಲ್ ಕೊಡಿಸಿ. ಇದನ್ನು ಬಿಟ್ಟು ಬರೀ ಹಲಗೆ ಬಡಿದ ಟೇಲರು ಒಂದು ವರ್ಷದಲ್ಲಿ ಸೊಟ್ಟ ಹೋಗುತ್ತದೆ, ಆಮೇಲೆ ‘ನೋಡಿ, ಮರ ಹಾಕ್ಸಿದ್ದಕ್ಕೆ ಹಿಂಗಾಯ್ತು’ ಅನ್ನುತ್ತಾರೆ.

ಅಡ್ಡಪಟ್ಟಿ ಒಂದೂವರೆ ಅಡಿಗೊಂದು ಇರಲಿ. ಹಲಗೆ ಉದ್ದಕ್ಕೆ ಹಾಕಿ, ಅಡ್ಡಡ್ಡ ಬೇಡ. ಕ್ರೇಟು ಎಳೆಯುವುದು ಸುಲಭ, ಗುಡಿಸುವುದೂ ಸುಲಭ. ಏಳಿಂಚು ಅಗಲದ ಎಂಟು ಹಲಗೆ, ಸಂದಿ ಬಿಟ್ಟು, 5 ಅಡಿಗೆ ಸರಿಹೋಗುತ್ತದೆ. ಮೊಳೆ ಹೊಡೆಯಬೇಡಿ, ಕುಲುಕಾಟಕ್ಕೆ ಮೇಲೆ ಏಳುತ್ತದೆ. ಬೋಲ್ಟು ಹಾಕಿ, ತಲೆ ಹಲಗೆಯೊಳಗೆ ಇಳಿದು ಕೂರಬೇಕು, ಕೆಳಗೆ ಅಗಲ ವಾಷರು. ಹಲಗೆಯ ಎರಡೂ ತುದಿಗಳೇ ಮೊದಲು ನೀರು ಕುಡಿಯುವುದು, ಅಲ್ಲಿಗೆ ಎರಡು ಮೂರು ಸಲ ಬಣ್ಣ ಕುಡಿಸಿ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ನಮ್ಮಲ್ಲಿದೆ. ಕೆಳಬದಿಗೆ ಬೇಕಾದರೆ ಬಳಿಯಿರಿ. ತಿನ್ನುವ ಮಾಲು ಇಡುವ ಮೇಲ್ಬದಿಗೆ ದಯವಿಟ್ಟು ಬೇಡ, ಅಲ್ಲಿಗೆ ಅಗಸೆ ಎಣ್ಣೆ ಸಾಕು. ನಿಲ್ಲಿಸುವಾಗ ಮೂಕಿ ತುದಿಯನ್ನು ಕಲ್ಲಿನ ಮೇಲೆ ಎತ್ತಿಟ್ಟರೆ ನೀರು ಹಿಂದಕ್ಕೆ ಹರಿಯುತ್ತದೆ.

ಹಲಗೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು, ಒಂದು ಹಾಳಾದರೆ ಒಂದನ್ನೇ ಬದಲಿಸಬಹುದು. ನಾಲ್ಕು ಬೋಲ್ಟು ಬಿಚ್ಚಿ, ಮನೆ ಮುಂದೆಯೇ, ಅರ್ಧ ಗಂಟೆಯಲ್ಲಿ. ತಗಡು ತೂತಾದರೆ ಶಾಪಿಗೆ ಎಳೆದುಕೊಂಡು ಹೋಗಬೇಕು, ಅವರು ಹಳೇ ತಗಡಿನ ಮೇಲೇ ಇನ್ನೊಂದು ತೇಪೆ ಹಾಕುತ್ತಾರೆ, ಎರಡು ತಗಡಿನ ನಡುವೆ ಇನ್ನೊಂದು ಸಂದಿ.

ಎರಡೂ ಕೆಲಸ ಇರುವವರು ಏನು ಮಾಡಬೇಕು? ಬೇಸಿಗೆಯಲ್ಲಿ ಗೊಬ್ಬರ, ಆಮೇಲೆ ತರಕಾರಿ. ಇವರಿಗೆ ನಾನು ಹೇಳುವುದು, ಹಲಗೆ ಕಾಯಂ ಇರಲಿ, ಗೊಬ್ಬರದ ದಿನ ಮೇಲೆ ತೆಳು ತಗಡೊಂದನ್ನು ಬೆಸೆಯದೆ ಹಾಸಿಕೊಳ್ಳಿ, ಗುದ್ದಲಿ ಸಲೀಸಾಗಿ ಎಳೆಯುತ್ತದೆ, ಕೆಲಸ ಮುಗಿದ ಮೇಲೆ ಎತ್ತಿ ತೊಳೆದು ಗೋಡೆಗೆ ಒರಗಿಸಿ. ಜಾಕಿಯಲ್ಲಿ ಎತ್ತಿ ಸುರಿಯುವ ಟೇಲರ್ ಇದ್ದವರಿಗೆ ಮಾತ್ರ ಇದು ಸರಿಬರುವುದಿಲ್ಲ, ಅವರಿಗೆ ತಗಡೇ ಬೇಕು, ಅದೂ 3 ಎಂಎಂಗೆ ಕಡಿಮೆ ಇಲ್ಲದೆ, ಅಡ್ಡಪಟ್ಟಿ ಅಡಿಗೊಂದರಂತೆ.

ತಳ ಎಷ್ಟೇ ಗಟ್ಟಿ ಇರಲಿ, ಅದು ಜನ ಕೂರುವ ಜಾಗವಲ್ಲ. ನಮ್ಮಲ್ಲಿ ಬೆಳಗ್ಗೆ ಆಳುಗಳು ಬರುವುದು ಸಾಯಂಕಾಲ ಹೋಗುವುದು ಟೇಲರಿನಲ್ಲೇ ಅಂತ ಎಲ್ಲರಿಗೂ ಗೊತ್ತು, ಪೊಲೀಸರಿಗೂ ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟೇಲರೂ ವಾಹನವೇ, ಅದಕ್ಕೂ ಕೆಎ-10ರ ನೋಂದಣಿ ಬೇಕು. ನೋಂದಣಿ ಇಲ್ಲದ ಟೇಲರಿನಲ್ಲಿ ಕೂತವರಿಗೆ ಏನಾದರೂ ಆದರೆ ವಿಮೆ ಕಂಪನಿ ಕೈ ಎತ್ತುತ್ತದೆ, ಪರಿಹಾರ ಕಟ್ಟುವುದು ಟೇಲರಿನ ಯಜಮಾನನ ತಲೆಗೆ ಬರುತ್ತದೆ, ಜಮೀನು ಮಾರಬೇಕಾದೀತು. ಕೂಲಿಯವರಿಗೆ ಆಟೋ ಬಾಡಿಗೆ ಕೊಡುವುದು ದುಬಾರಿ ಅನ್ನುವವರು ಈ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ.

ಇನ್ನೊಂದು ಮಾತು ಸರ್ಕಾರದವರಿಗೆ. ಟಿಲ್ಲರಿಗೆ ಸಬ್ಸಿಡಿ ಕೊಡುವ ಕೃಷಿ ಇಲಾಖೆ ಅದರ ಹಿಂದೆ ಕಟ್ಟುವ ಟೇಲರು ಹೇಗಿರಬೇಕು ಅಂತ ಹೇಳಿಕೊಡುವುದಿಲ್ಲ. ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿ ತಗಡಿನದೊಂದು ಹಲಗೆಯದೊಂದು ಟೇಲರ್ ಮಾಡಿಸಿ, ಒಂದೇ ಹೊಲದ ಬಾಳೆಯನ್ನು ಎರಡರಲ್ಲೂ ಹೇರಿ, ಮೂರನೇ ದಿನ ಯಾವುದು ಎಷ್ಟು ಕಪ್ಪಾಗಿದೆ ಅಂತ ರೈತರ ಮುಂದೆ ತೋರಿಸಲಿ. ನೋಡಲು ವೆಲ್ಡಿಂಗ್ ಶಾಪಿನವರನ್ನೂ ಕರೆಯಲಿ, ಉಳಿದ ನಾಲ್ಕು ಜನ ಆಚಾರಿಗಳನ್ನೂ ಕರೆಯಲಿ. ದೊಡ್ಡ ಖರ್ಚಿನ ಕೆಲಸವೇನಲ್ಲ.

ಹಸಿ ಮರ ತಂದು ನೇರ ಬೋಲ್ಟು ಹೊಡೆಸಬೇಡಿ. ಒಂದೂವರೆ ಇಂಚಿನ ಹಲಗೆ ಒಣಗಲು ತಿಂಗಳುಗಟ್ಟಲೆ ಬೇಕು. ಜನವರಿಯಲ್ಲಿ ಅರಿಶಿನ ಕೀಳುವ ಹೊತ್ತಿಗೆ ಟೇಲರ್ ಬೇಕು ಅನ್ನುವವರು ಮುಂಗಾರಿಗೆ ಮುಂಚೆಯೇ ಮರ ಕೊಯ್ಸಿ, ನಡುವೆ ರಿಪೀಸು ಕೊಟ್ಟು, ನೆರಳಲ್ಲಿ ಅಟ್ಟಿ ಹಾಕಿ, ಮೇಲೆ ಎರಡು ಸೈಜುಗಲ್ಲು ಹೇರಿಡಿ. ಕೊಟ್ಟಿಗೆಯಲ್ಲಾದರೆ ನೆಲದಿಂದ ಒಂದಡಿ ಮೇಲಿರಲಿ, ಗೆದ್ದಲು ಬರುತ್ತದೆ.